ಬ್ಯಾಂಕಿನ ಬಾಗಿಲಿನ ತೆನೆ

ಬ್ಯಾಂಕಿನದಲ್ಲದ ಒಂದು ವಸ್ತುವನ್ನು ಬ್ಯಾಂಕಿನದೆಂದು ತಿಳಿದು ನಾನು ಎತ್ತಿಕೊಂಡು ಹೋದೆ. ಅದು ದುಡ್ಡಲ್ಲ, ಬಂಗಾರವಲ್ಲ. ಒಂದು ಹಿಡಿ ಭತ್ತದ ತೆನೆ. ಒಯ್ದದ್ದು ಸಣ್ಣ ತಪ್ಪು. ಒಯ್ದವನು ನಾನಲ್ಲ, ಇನ್ನೊಬ್ಬ ಎಂದದ್ದು ದೊಡ್ಡದು. ಅದನ್ನು ಹೇಳಿಕೊಳ್ಳಬೇಕೆಂದು ಬರೆಯಲು ಕುಳಿತಿದ್ದೇನೆ. ತೆನೆಯ ಮಾತು ತಿಳಿಯಬೇಕಾದರೆ ಮೊದಲು ಬ್ಯಾಂಕಿನ ಮಾತು ಹೇಳಬೇಕು.

ನಾನು ಎಸ್ಸೆಸ್ಸೆಲ್ಸಿ ಪಾಸಾದವನು. ಓದು ಅಲ್ಲಿಗೇ ನಿಂತಿತು. ಮನೆ ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ. ಕುರುಗೋಡಿನ ಶಾಖೆಯಲ್ಲಿ ಜವಾನನಾಗಿ ಸೇರಿದೆ. ಚೆಕ್ಕುಗಳನ್ನು ಒಂದು ಮೇಜಿನಿಂದ ಇನ್ನೊಂದಕ್ಕೆ ಒಯ್ಯುವುದು, ಬಾದನಹಟ್ಟಿ ಕಡೆಯಿಂದ ಬಂದ ರೈತರಿಗೆ ಎಲ್ಲಿ ಸಹಿ ಮಾಡಬೇಕೆಂದು ಬೆರಳಿಟ್ಟು ತೋರಿಸುವುದು ನನ್ನ ಕೆಲಸವಾಗಿತ್ತು. ಆಮೇಲೆ ಒಳಗಿನ ಪರೀಕ್ಷೆ ಬರೆದು ಗುಮಾಸ್ತನಾದೆ, ಸಿರುಗುಪ್ಪಕ್ಕೆ ವರ್ಗವಾಯಿತು. ಮುಂದಿನ ನೌಕರಿಯೆಲ್ಲ ಅಲ್ಲಿಯೇ ಕಳೆಯಿತು. ದಿನವೂ ಬಳ್ಳಾರಿಯಿಂದ ಬೆಳಗಿನ ಬಸ್ಸು, ಸಂಜೆ ಮರಳಿ. ಕಿಟಕಿಯ ಆಚೆ ಗದ್ದೆ ಹಸಿರಾಗಿದ್ದರೆ ಮಳೆಗಾಲ ಕಳೆಯಿತೆಂದು, ಹಳದಿಗೆ ತಿರುಗಿದರೆ ಕೊಯ್ಲು ಹತ್ತಿರ ಬಂತೆಂದು ಲೆಕ್ಕ. ಕ್ಯಾಲೆಂಡರ್ ನೋಡಿದ್ದು ಕಡಿಮೆ.

ನಮ್ಮದು ಸಣ್ಣ ಬ್ಯಾಂಕು. ಹತ್ತಿ ಮತ್ತು ಶೇಂಗಾ ವ್ಯಾಪಾರಿಗಳು ಕೆಲವರು ಕೂಡಿ, ಒಂದು ಅಂಗಡಿಯ ಮೇಲಿನ ಕೋಣೆಯಲ್ಲಿ ಶುರು ಮಾಡಿದ್ದು ಎಂದು ಹಿರಿಯರು ಹೇಳುತ್ತಿದ್ದರು. ಬೀಜಕ್ಕೆ ದುಡ್ಡು ಬೇಕಾದಾಗ ರೈತ ಸಾಹುಕಾರನ ಹತ್ತಿರ ಹೋಗುತ್ತಿದ್ದ; ಆ ಸಾಹುಕಾರರೇ ಒಂದಾಗಿ ಬೋರ್ಡು ಹಾಕಿಕೊಂಡರು ಎಂದು ನಮ್ಮ ಒಬ್ಬ ಮ್ಯಾನೇಜರರು ನಗುತ್ತಿದ್ದರು. ನಾನು ಸೇರುವ ಹೊತ್ತಿಗೆ ಅದನ್ನು ದೇಶದ ಒಂದು ದೊಡ್ಡ ಬ್ಯಾಂಕು ಕೊಂಡು ಬಹಳ ಕಾಲವಾಗಿತ್ತು. ಬಂಡವಾಳ ಅವರದು, ಮೇಲಿನ ಅಧಿಕಾರಿಗಳು ಅವರು ಕಳಿಸಿದವರು. ಹೆಸರು ಮಾತ್ರ ನಮ್ಮದೇ ಉಳಿದಿತ್ತು. ದತ್ತು ಹೋದರೂ ಹುಟ್ಟಿದ ಮನೆಯ ಅಡ್ಡಹೆಸರನ್ನು ಇಟ್ಟುಕೊಂಡ ಹುಡುಗನ ಹಾಗೆ ನಾವು ಇದ್ದೆವು. ಆ ಹೆಸರಿನ ಮೇಲೆ ನಮಗೆ ಇದ್ದ ಅಭಿಮಾನ ಈಗ ಹೇಳಿದರೆ ಯಾರೂ ನಂಬುವುದಿಲ್ಲ.

ಸಿರುಗುಪ್ಪದಲ್ಲಿ ನಮ್ಮ ಶಾಖೆ ಇದ್ದದ್ದು ಒಂದು ಹಳೆಯ ಮನೆಯ ಮುಂಭಾಗದಲ್ಲಿ. ದೊಡ್ಡ ಪಡಸಾಲೆ, ಎರಡು ಕೋಣೆ, ಬೀದಿಗೆ ಎತ್ತರದ ಕಟ್ಟೆ. ಮನೆಯ ಹಿಂಭಾಗದಲ್ಲಿ ಮನೆಯವರು ಇದ್ದರು. ಅವರು ಓಡಾಡುತ್ತಿದ್ದದ್ದು ಪಕ್ಕದ ಓಣಿಯ ಸಣ್ಣ ಬಾಗಿಲಿನಿಂದ. ಹಾಗಾಗಿ ಆ ಮನೆಯ ತಲೆಬಾಗಿಲೇ ನಮ್ಮ ಬ್ಯಾಂಕಿನ ಬಾಗಿಲು. ಈ ಮಾತನ್ನು ಓದುವವರು ನೆನಪಿನಲ್ಲಿಡಬೇಕು. ನಾನು ಅದನ್ನು ಮರೆತದ್ದರಿಂದಲೇ ಇಷ್ಟೆಲ್ಲ ಆಯಿತು.

ಮನೆಯ ಯಜಮಾನಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ನನಗಿಂತ ಹತ್ತು ವರ್ಷ ದೊಡ್ಡವರು. ಗಂಡ ತೀರಿಕೊಂಡ ಮೇಲೆ ರಾರಾವಿಯ ಹೊಲ, ಈ ಮನೆ ಎರಡನ್ನೂ ಅವರೇ ನೋಡಿಕೊಂಡರು. ಮಧ್ಯಾಹ್ನ ಗಿರಾಕಿಗಳು ಕಡಿಮೆಯಾದಾಗ ಕಟ್ಟೆಯ ಮೇಲೆ ಬಂದು ಕೂರುತ್ತಿದ್ದರು. ಬ್ಯಾಂಕಿನವರಿಗೆ, ಬ್ಯಾಂಕಿಗೆ ಬಂದವರಿಗೆ, ಸುಮ್ಮನೆ ನೆರಳಿಗೆ ಬಂದವರಿಗೆ ಎಲ್ಲರಿಗೂ ಅವರ ಮನೆಯ ಮಜ್ಜಿಗೆ ಇರುತ್ತಿತ್ತು. ನೆರಳಿಗೆ ಬರುವವರಲ್ಲಿ ಒಬ್ಬ ಹಮಾಲ. ಅಕ್ಕಿ ಮಿಲ್ಲುಗಳಲ್ಲಿ ಚೀಲ ಹೊರುತ್ತಿದ್ದ, ನನಗಿಂತ ಒಂದು ಗೇಣು ಎತ್ತರ. ಊಟದ ಹೊತ್ತಿಗೆ ಬಂದು, ಮಜ್ಜಿಗೆ ಕುಡಿದು, ತಲೆಯ ಟವಲ್ಲನ್ನೇ ಹಾಸಿ ಕಟ್ಟೆಯ ಮೂಲೆಯಲ್ಲಿ ಒಂದು ಗಳಿಗೆ ಮಲಗುವನು. ಬ್ಯಾಂಕಿನ ಬೀರು ಸರಿಸುವುದಿದ್ದರೆ ಅವನನ್ನೇ ಎಬ್ಬಿಸುತ್ತಿದ್ದೆವು.

ಅಕ್ಕನಿಗೆ ಒಮ್ಮೆ ನಮ್ಮ ಬ್ಯಾಂಕಿನ ಸಂಸಾರ ಹೇಗಿದೆ ಎಂದು ತಿಳಿಯುವ ಆಸೆಯಾಯಿತು. ಬಾಡಿಗೆ ಹೆಚ್ಚಿಸಬೇಕೆಂದರೆ ಮ್ಯಾನೇಜರು ಬಳ್ಳಾರಿ ಕೇಳಬೇಕು ಎನ್ನುತ್ತಾರೆ, ಬಳ್ಳಾರಿಯವರು ಬೆಂಗಳೂರು ಕೇಳಬೇಕು ಎನ್ನುತ್ತಾರೆ. ಹಾಗಾದರೆ ಇದರ ಯಜಮಾನ ಯಾರು ಎಂದು ಅವರ ಪ್ರಶ್ನೆ. ಅವರ ರಂಗೋಲಿ ಡಬ್ಬಿ ಅಲ್ಲೇ ಇತ್ತು. ನಾನು ಕಟ್ಟೆಯ ಮೇಲೆ ಚುಕ್ಕೆ ಇಡುತ್ತಾ ಹೋದೆ.

“ಇದು ಮುಂಬೈ. ದೊಡ್ಡ ಬ್ಯಾಂಕಿನ ಹೆಡ್ಡಾಫೀಸು ಇಲ್ಲೈತಿ. ಇದರ ಕೆಳಗ ಸರ್ಕಲ್ ಆಫೀಸು. ಅದರ ಕೆಳಗ ಬಳ್ಳಾರಿಯಂಥ ಊರಾಗ ರೀಜನಲ್ ಆಫೀಸು. ಆಮ್ಯಾಲೆ ಶಾಖೆ.”

“ಬಾಜೂಕ ಇಟ್ಟೀಯಲ್ಲ, ಈ ಚುಕ್ಕಿ?”

“ಅವು ಮಕ್ಕಳಕ್ಕಾ. ಒಬ್ಬಾಂವ ಇನ್ಶೂರೆನ್ಸ್ ಮಾಡ್ತಾನ, ಒಬ್ಬಾಂವ ಕಾರ್ಡು ಕೊಡ್ತಾನ, ಇನ್ನೊಬ್ಬಾಂವ ಮಂದಿ ರೊಕ್ಕ ತಗೊಂಡು ಷೇರುಪ್ಯಾಟ್ಯಾಗ ಹಾಕ್ತಾನ. ಈ ಸಣ್ಣವು ನಮ್ಮಂಥ ಬ್ಯಾಂಕು, ದತ್ತು ಬಂದವು. ಅಲ್ಲಿ ಐತಲ್ಲ, ಅದು ಗ್ರಾಮೀಣ ಬ್ಯಾಂಕು. ಅದರಾಗ ಸರ್ಕಾರದ ಪಾಲೂ ಐತಿ, ಇವರ ಪಾಲೂ ಐತಿ.”

“ದತ್ತು ಬಂದೋರಿಗೆ ಊಟಕ್ಕ ಬ್ಯಾರೆ ಪಂಕ್ತಿ ಏನು?”

“ಊಟ ಒಂದೇ ಅಕ್ಕಾ. ಬಡಿಸೋರು ಕಡೀಗೆ ಬರ್ತಾರ ನಮ್ಮ ಕಡಿ.”

ಅವರು ನಕ್ಕರು. ಆಮೇಲೆ ಬಗ್ಗಿ ನೋಡಿ, “ಎಲ್ಲಾ ಸರಿ. ಇದರಾಗ ನನ್ನ ಮನಿ ಎಲ್ಲೈತಿ?” ಎಂದರು.

ನಾನು ಎಲ್ಲಕ್ಕಿಂತ ಕೆಳಗಿನ ಚುಕ್ಕೆ ತೋರಿಸಿದೆ.

“ಏನೋ ತಮ್ಮಾ, ತಳಕ್ಕ ಹಾಕೀದಿ ನನ್ನ.”

“ತಳ ಅಲ್ಲಕ್ಕಾ. ಬುನಾದಿ.”

“ಬುನಾದಿ ಅಂತ ಬರದು ಕೊಡು. ಬಾಡಿಗಿ ಹೆಚ್ಚು ಮಾಡಾಕ ಅನುಕೂಲ ಆಗ್ತೈತಿ.”

ಮೂಲೆಯಲ್ಲಿ ಮಲಗಿದ್ದ ಹಮಾಲ ಟವಲ್ಲಿನ ಒಳಗಿನಿಂದಲೇ ನಕ್ಕಿದ್ದು ನನಗೆ ನೆನಪಿದೆ.

ಇನ್ನು ತೆನೆಯ ಮಾತು. ಕೊಯ್ಲಿನ ಮೊದಲ ದಿನ ರಾರಾವಿಯ ಹೊಲದಿಂದ ಒಂದು ಹಿಡಿ ತೆನೆ ಬರುತ್ತಿತ್ತು. ಅಕ್ಕ ಅದನ್ನು ಜಡೆಯ ಹಾಗೆ ಹೆಣೆದು, ಕುಂಕುಮ ಹಚ್ಚಿ, ತಲೆಬಾಗಿಲಿನ ಮೇಲೆ ಕಟ್ಟಿಸುತ್ತಿದ್ದರು. ಹಿಂದಿನ ವರ್ಷದ್ದನ್ನು ಇಳಿಸುವುದು ಹೊಸದನ್ನು ಕಟ್ಟುವಾಗಲೇ. ನಡುವೆ ಬಾಗಿಲು ಬರಿದಾಗಬಾರದು ಎನ್ನುವುದು ಅವರ ಅತ್ತೆಯ ಕಾಲದಿಂದ ಬಂದ ಪದ್ಧತಿ. ಬ್ಯಾಂಕು ಬಂದ ಮೇಲೂ ಅದು ನಿಲ್ಲಲಿಲ್ಲ. ಒಂದು ಕಡೆ ಸಾಲದ ಬಡ್ಡಿ ದರದ ಹಲಗೆ, ಇನ್ನೊಂದು ಕಡೆ ಬೆಳೆ ವಿಮೆಯ ಚಿತ್ರ, ಮೇಲೆ ತೆನೆ.

ತೆನೆ ಇದ್ದ ಮೇಲೆ ಗುಬ್ಬಿ ಇರಲೇಬೇಕು. ಅವು ಕಾಳು ತಿಂದು ಒಳಗೆ ಬಂದು ಫ್ಯಾನಿನ ಸರಳಿನ ಮೇಲೆ ಕೂರುತ್ತಿದ್ದವು. ಆದೋನಿ ಕಡೆಯಿಂದ ಬಂದಿದ್ದ ಒಬ್ಬ ಮ್ಯಾನೇಜರಿಗೆ ಇದು ಸರಿಬರಲಿಲ್ಲ. ಒಂದು ದಿನ ಕಲೆಯಾದ ನೋಟು ಹಿಡಿದು ಕಟ್ಟೆಗೆ ಬಂದರು.

“ಏಮಮ್ಮಾ, ನಿನ್ನ ಗುಬ್ಬಿ ನೋಟಿನ ಮೇಲೆ ಮುದ್ರೆ ಒತ್ತೈತಿ ನೋಡು.”

“ಅದಕ್ಕೂ ಒಂದು ಖಾತಿ ತೆಗೀರಿ ಸಾಹೇಬ್ರ,” ಎಂದರು ಅಕ್ಕ. “ದಿನಾ ತಪ್ಪದ ಬರ್ತಾವ. ನಿಮ್ಮ ಗಿರಾಕಿ ಹಂಗ ಸಾಲದ ನೋಟೀಸ್ ಬಂದ ಕೂಡ್ಲೇ ಊರು ಬಿಡಂಗಿಲ್ಲ.”

ಆ ಮ್ಯಾನೇಜರು ವರ್ಗವಾಗಿ ಹೋಗುವ ದಿನ ಹೊಸ ತೆನೆಯಲ್ಲಿ ಎರಡು ಕಾಳು ಕೇಳಿ ತೆಗೆದುಕೊಂಡು ಪರ್ಸಿನಲ್ಲಿ ಇಟ್ಟುಕೊಂಡರು. ನಮಗೆಲ್ಲ ಹಾಗೆ ಅನಿಸಿಬಿಟ್ಟಿತ್ತು, ಆ ತೆನೆ ನಮ್ಮ ಶಾಖೆಯ ಅದೃಷ್ಟ ಎಂದು. ಮನೆಯದು ಎನ್ನುವುದು ಮನಸ್ಸಿನಿಂದ ನಿಧಾನವಾಗಿ ಜಾರಿಹೋಗಿತ್ತು.

ನನ್ನ ನೌಕರಿಯ ಕೊನೆಯ ವರ್ಷಗಳಲ್ಲಿ ದೊಡ್ಡ ಬ್ಯಾಂಕು ದತ್ತು ಮಕ್ಕಳನ್ನೆಲ್ಲ ಒಳಗೆ ಕರೆದುಕೊಂಡಿತು. ಬೇರೆ ಬೇರೆ ಹೆಸರು, ಬೇರೆ ಬೇರೆ ಬೋರ್ಡು ಯಾಕೆ, ಎಲ್ಲ ಒಂದೇ ಆಗಲಿ ಎಂದು. ಶನಿವಾರ ಸಂಜೆ ಕಂಪ್ಯೂಟರ್ ಮುಚ್ಚಿದಾಗ ನಾನು ಒಂದು ಬ್ಯಾಂಕಿನ ಗುಮಾಸ್ತ. ಸೋಮವಾರ ತೆರೆದಾಗ ಇನ್ನೊಂದರವನು. ಬೋರ್ಡು ಇಳಿಸಿದ ದಿನ ಒಬ್ಬ ರೈತ ಹೊಸ ಬೋರ್ಡನ್ನು ನೋಡಿ, ತಾನು ತಪ್ಪು ಬೀದಿಗೆ ಬಂದೆ ಎಂದು ತಿರುಗಿ ಹೋಗಿದ್ದ. ಕರೆದು ತಂದೆವು.

ಅದೇ ಬೀದಿಯ ಇನ್ನೊಂದು ತುದಿಯಲ್ಲಿ ದೊಡ್ಡ ಬ್ಯಾಂಕಿನ ಶಾಖೆ ಮೊದಲಿನಿಂದಲೂ ಇತ್ತು. ಗಾಜಿನ ಬಾಗಿಲು, ಎ.ಸಿ., ಟೋಕನ್ನಿನ ಯಂತ್ರ. ಈಗ ಒಂದೇ ಬ್ಯಾಂಕಿಗೆ ಒಂದೇ ಬೀದಿಯಲ್ಲಿ ಎರಡು ಶಾಖೆ. ಒಂದು ಮುಚ್ಚಲೇಬೇಕು. ಯಾವುದು ಎನ್ನುವುದು ಮಗುವಿಗೂ ತಿಳಿಯುವಂತಿತ್ತು. ಆದರೆ ಅಕ್ಕ ಕೇಳಿದಾಗ ನಾನು, “ಅವರೇ ಇಲ್ಲಿಗೆ ಬರ್ತಾರಕ್ಕಾ. ಅವರ ಕಟ್ಟಡದಾಗ ಗಿರಾಕಿ ಕುಂದ್ರಾಕ ಕಟ್ಟಿ ಎಲ್ಲೈತಿ?” ಎಂದೆ. ಅವರು ಸಂತೋಷಪಟ್ಟರು. ಅದನ್ನು ನೋಡಿ ನನಗೂ ಸಂತೋಷವಾಯಿತು. ಇಂಥ ಸುಳ್ಳಿಗೆ ನಾಲಿಗೆ ಎಷ್ಟು ಹಗುರ.

ಮನೆ ಬಿಡುವ ನೋಟೀಸನ್ನು ಅಕ್ಕನ ಮಗ ಸಹಿ ಮಾಡಿ ತೆಗೆದುಕೊಂಡ. ಅವನಿಗೂ ತಾಯಿಯ ಮುಂದೆ ಹೇಳಲು ಬಾಯಿ ಬರಲಿಲ್ಲ. “ನೀವ ಹೇಳ್ರಿ, ನಿಮ್ಮ ಮಾತು ಕೇಳ್ತಾಳ,” ಎಂದು ನನಗೆ ಬಿಟ್ಟ. ನಾಳೆ ಹೇಳಿದರಾಯಿತು ಎಂದು ನಾನು ದೂಡಿದೆ. ಕಡೆಗೆ ಮ್ಯಾನೇಜರು, ಸಾಮಾನು ಯಾವ ಭಾನುವಾರ ಸಾಗಿಸೋಣ ಎಂದು ನನ್ನನ್ನೇ ಕೇಳಿದರು. ಅಕ್ಕ ತಮ್ಮ ತಂಗಿಯ ಮಗಳ ಮದುವೆಗೆ ಕುರುಗೋಡಿಗೆ ಹೋಗುವ ಭಾನುವಾರ ನನಗೆ ಗೊತ್ತಿತ್ತು. ಆ ದಿನವನ್ನೇ ಹೇಳಿದೆ.

ಅವತ್ತು ಹಮಾಲ ಮತ್ತು ಅವನ ಜೊತೆಯವರು ಟಂಟಂ ಗಾಡಿಯಲ್ಲಿ ಸಾಮಾನು ಹೇರಿದರು. ಬೀರು, ಮೇಜು, ಕುರ್ಚಿ, ಹಳೆಯ ಕಡತದ ಗಂಟುಗಳು. ನಾನು ಸಾಮಾನಿನ ಪಟ್ಟಿ ಹಿಡಿದು ಗುರುತು ಹಾಕುತ್ತಿದ್ದೆ. ಒಂದು ಕಬ್ಬಿಣದ ಸ್ಟೂಲು ಸಿಗಲಿಲ್ಲ. ಮುರಿದಿದೆ ಎಂದು ಬರೆದೆ. ಎಲ್ಲರೂ ಹೊರಟ ಮೇಲೆ ಖಾಲಿ ಪಡಸಾಲೆಯಲ್ಲಿ ಒಬ್ಬನೇ ನಿಂತೆ. ನೆಲದ ಮೇಲೆ ಬೀರು ಇದ್ದ ಕಡೆ ಮಾತ್ರ ಬಣ್ಣ ಹೊಸದಾಗಿ ಕಾಣುತ್ತಿತ್ತು. ಹೊಸ ಶಾಖೆಗೆ ಬರಿಗೈಯಲ್ಲಿ, ಬಡ ನೆಂಟರ ಹಾಗೆ ಹೋಗುತ್ತಿದ್ದೇವೆ ಅನಿಸಿತು. ನಮ್ಮದು ಅನ್ನುವುದು ಒಂದಾದರೂ ಜೊತೆಗೆ ಬರಲಿ ಎಂದು, ಕಿಟಕಿಯ ಕಟ್ಟೆ ಹತ್ತಿ ತೆನೆ ಬಿಚ್ಚಿ, ಊಟದ ಚೀಲದಲ್ಲಿ ಇಟ್ಟುಕೊಂಡೆ. ತಲೆಬಾಗಿಲು ಬರಿದು ಮಾಡುತ್ತಿದ್ದೇನೆ ಎಂದು ಆ ಗಳಿಗೆಯಲ್ಲಿ ಹೊಳೆಯಲೇ ಇಲ್ಲ. ದೇವರಾಣೆಗೂ ಹೊಳೆಯಲಿಲ್ಲ.

ಗಾಜಿನ ಬಾಗಿಲಿನ ಒಳಬದಿಗೆ, ಮೇಲಿನ ಚೌಕಟ್ಟಿಗೆ, ಟೇಪು ಹಚ್ಚಿ ತೆನೆ ತೂಗುಹಾಕಿದೆ. ಯಾರೂ ಬೇಡ ಎನ್ನಲಿಲ್ಲ. ಆ ಶಾಖೆಯ ಒಬ್ಬ ಹುಡುಗಿ ಫೋಟೋ ಕೂಡ ತೆಗೆದಳು. ಆದರೆ ಗಾಜು ಮುಚ್ಚಿದ ಜಾಗಕ್ಕೆ ಗುಬ್ಬಿ ಬರುವುದು ಹೇಗೆ? ನನಗೆ ಅದು ಮದುವೆ ಮುಗಿದ ಮೇಲಿನ ತೋರಣದ ಹಾಗೆ ಕಂಡಿತು.

ಮಂಗಳವಾರ ಮಧ್ಯಾಹ್ನ ಅಕ್ಕ ಬಂದರು. ಮದುವೆಗೆ ಉಟ್ಟ ಇಳಕಲ್ ಸೀರೆಯಲ್ಲೇ ಇದ್ದರು. ಒಳಗೆ ಬರಲಿಲ್ಲ, ಗಾಜಿನ ಆಚೆ ನಿಂತು ನನ್ನನ್ನು ಹುಡುಕುತ್ತಿದ್ದರು. ನಾನು ಎದ್ದು ಹೊರಗೆ ಹೋಗಿ, ಹಿಂದೆ ಕೈ ಚಾಚಿ ಬಾಗಿಲು ಎಳೆದುಕೊಂಡೆ. ನನ್ನ ನೆತ್ತಿಯ ಮೇಲೆ, ಬಿಸಿಲಿಗೆ ಹೊಳೆಯುವ ಗಾಜಿನ ಒಳಗೆ, ಅವರಿಗೆ ಕಾಣದಂತೆ ತೆನೆ ಇತ್ತು.

“ಹೋದ್ರ ಹೋಗ್ರಿ,” ಎಂದರು. “ಬಾಡಿಗಿ ಮನಿ. ಬರೋದು ಹೋಗೋದು ಇದ್ದದ್ದ. ಬಾಗಲದಾಗಿನ ತೆನಿ ಎಲ್ಲೈತಿ?”

ಆಗ ತಿಳಿಯಿತು ನಾನು ಏನು ಮಾಡಿದ್ದೇನೆಂದು. ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಇಲ್ಲಿದೆ ಅಕ್ಕಾ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಬೈಯುತ್ತಿದ್ದರು, ತೆಗೆದುಕೊಂಡು ಹೋಗುತ್ತಿದ್ದರು. ನನ್ನ ಬಾಯಿಂದ ಬಂದದ್ದು ಬೇರೆ.

“ಬೀರು ಹೊರಗ ತರೋವಾಗ ಹಗ್ಗಕ್ಕ ಸಿಕ್ಕಿ ಹರಿದಿರಬೇಕಕ್ಕಾ. ಆ ಹಮಾಲ ಮುಂದ ಹಿಡಕೊಂಡಿದ್ದ. ಬಿದ್ದದ್ದನ್ನ ಕಸದಾಗ ಹಾಕಿದ್ನೋ ಏನೋ.”

“ದಿನಾ ನನ್ನ ಮಜ್ಜಿಗಿ ಕುಡದಾಂವ,” ಎಂದು ಅಷ್ಟೇ ಹೇಳಿ ಹೋದರು. ಮರುದಿನ ಶಾಖೆಯ ಕಸ ಗುಡಿಸುವವರು ಜೇಡರ ಬಲೆ ತೆಗೆಯುವಾಗ ತೆನೆಯನ್ನೂ ತೆಗೆದುಬಿಟ್ಟಿದ್ದರು. ತಿರುಗಿ ಕೊಡಲೂ ಏನೂ ಉಳಿಯಲಿಲ್ಲ.

ದೊಡ್ಡ ಬ್ಯಾಂಕು ನನಗೆ ಕೆಟ್ಟದ್ದು ಮಾಡಲಿಲ್ಲ. ಜಗಳಕ್ಕೆ ಸಿದ್ಧನಾಗಿ ಹೋದವನಿಗೆ ಅವರು ಕಿಟಕಿಯ ಪಕ್ಕದ ಕುರ್ಚಿ ಕೊಟ್ಟರು. ಕೆಲವು ದಿನ ‘ನಿಮ್ಮ ಬ್ಯಾಂಕು, ನಮ್ಮ ಬ್ಯಾಂಕು’ ಎಂಬ ಚೇಷ್ಟೆ ನಡೆಯಿತು. ಆಮೇಲೆ ಯಾರ ಡಬ್ಬಿಯ ಶೇಂಗಾ ಚಟ್ನಿ ಚೆನ್ನಾಗಿದೆ ಎನ್ನುವುದೊಂದೇ ಜಗಳ ಉಳಿಯಿತು. ನಿವೃತ್ತಿಯ ದಿನ ಅದೇ ಫೋಟೋ ಹುಡುಗಿ ನನ್ನ ಬಗ್ಗೆ ಮಾತಾಡಿ ಕಣ್ಣು ಒರೆಸಿಕೊಂಡಳು. ಪಿಂಚಣಿ ತಪ್ಪದೆ ಬರುತ್ತದೆ. ಬೆಳಿಗ್ಗೆ ಸತ್ಯನಾರಾಯಣಪೇಟೆಯಲ್ಲಿ ನಡೆದಾಡುತ್ತೇನೆ, ಹೆಂಡತಿ ಜೊತೆ ತರಕಾರಿ ಸೋಸುತ್ತೇನೆ. ಹೇಳಿಕೊಳ್ಳುವಂಥ ಕೊರತೆಯಿಲ್ಲ.

ಅಕ್ಕನ ಮನೆಯ ಸಂಬಂಧವೂ ಬಿಡಲಿಲ್ಲ. ಪ್ರತಿ ವರ್ಷ ಕೊಯ್ಲಿನ ಹೊತ್ತಿಗೆ ಅಕ್ಕಿ ತರಲು ಸಿರುಗುಪ್ಪಕ್ಕೆ ಹೋಗುತ್ತೇನೆ. ಅಕ್ಕ ಊಟಕ್ಕೆ ಹಾಕದೆ ಕಳಿಸುವುದಿಲ್ಲ. ಹೋದಾಗಲೆಲ್ಲ ಹಮಾಲ ಎದುರಿನ ಹಿಟ್ಟಿನ ಗಿರಣಿಯ ಮುಂದೆ, ಬೇವಿನ ಗಿಡದ ಕೆಳಗೆ ಕುಳಿತಿರುವುದು ಕಾಣುತ್ತಿತ್ತು. ಅವನನ್ನು ಅಕ್ಕ ಆ ದಿನದಿಂದ ಕಟ್ಟೆ ಹತ್ತಲು ಬಿಟ್ಟಿರಲಿಲ್ಲ. ನಾನು ಬಿಸಿ ರೊಟ್ಟಿ ತಿನ್ನುತ್ತಾ, ಅವನ ಕಡೆ ಬೆನ್ನು ಬರುವಂತೆ ಕೂರುವುದನ್ನು ರೂಢಿ ಮಾಡಿಕೊಂಡಿದ್ದೆ.

ಈ ಸಲ ಹೋದಾಗ ಖಾಲಿ ಇದ್ದ ಪಡಸಾಲೆಗೆ ಮತ್ತೆ ಬೋರ್ಡು ಬಂದಿತ್ತು. ಗ್ರಾಹಕ ಸೇವಾ ಕೇಂದ್ರ. ಅದೇ ದೊಡ್ಡ ಬ್ಯಾಂಕಿನದು. ಶಾಖೆಯ ಕೆಳಗೆ ಈಗ ಇಂಥವು ಊರೂರಿಗೆ ಆಗಿವೆ. ಒಂದು ಮೇಜು, ಒಂದು ಲ್ಯಾಪ್‌ಟಾಪ್, ಹೆಬ್ಬೆಟ್ಟು ಒತ್ತುವ ಒಂದು ಸಣ್ಣ ಮಷಿನ್ನು. ನಡೆಸುತ್ತಿರುವವಳು ಅಕ್ಕನ ಸೊಸೆ.

“ನೋಡ್ದೇನೋ ತಮ್ಮಾ,” ಎಂದರು ಅಕ್ಕ. ಎಪ್ಪತ್ತೈದು ದಾಟಿದೆ, ಕುಳಿತಲ್ಲಿಂದಲೇ ಎಲ್ಲ ಆಳುತ್ತಾರೆ. “ನಿನ್ನ ಬ್ಯಾಂಕು ಹೊಳ್ಳಿ ಬಂತು. ಅವತ್ತಿನ ರಂಗೋಲ್ಯಾಗ ಇನ್ನೊಂದು ಚುಕ್ಕಿ ಇಡು, ಬುನಾದಿ ಕೆಳಗ.”

ನಾನು ನಗುತ್ತಾ, ರೊಟ್ಟಿಯ ತಟ್ಟೆ ಹಿಡಿದು ಕಟ್ಟೆಯ ಮೇಲೆ ಕುಳಿತೆ. ಅಷ್ಟರಲ್ಲಿ ಸೊಸೆ ಮಷಿನ್ನು ಎತ್ತಿಕೊಂಡು ಕಟ್ಟೆಯ ಅಂಚಿಗೆ ಬಂದಳು. ವಯರು ಅಲ್ಲಿಯ ತನಕ ಮಾತ್ರ ಬರುತ್ತಿತ್ತು. ಕೆಳಗೆ ಬೀದಿಯಲ್ಲಿ, ಬಿಸಿಲಿನಲ್ಲಿ, ಹಮಾಲ ನಿಂತಿದ್ದ. ಈಗ ಅವನಿಗೂ ವಯಸ್ಸಾಗಿದೆ, ಚೀಲ ಹೊರುವುದಿಲ್ಲ. ಸರ್ಕಾರದ ಪಿಂಚಣಿ ಬರುತ್ತದೆ. ಶಾಖೆಯ ತನಕ ನಡೆಯಲು ಮೊಣಕಾಲು ಬಿಡುವುದಿಲ್ಲ. ಕೆಳಗಿನಿಂದಲೇ ತೋಳು ಮೇಲೆತ್ತಿ ಮಷಿನ್ನಿನ ಮೇಲೆ ಹೆಬ್ಬೆಟ್ಟು ಇಟ್ಟ. ಮಷಿನ್ನು ಒಪ್ಪಲಿಲ್ಲ. ಅಂಗಿಗೆ ಒರೆಸಿ ಮತ್ತೆ ಇಟ್ಟ. ಜೀವಮಾನವೆಲ್ಲ ಗೋಣಿಚೀಲ ಹಿಡಿದ ಬೆರಳು. ಗೆರೆಯೆಲ್ಲ ಸವೆದು ನುಣ್ಣಗಾಗಿತ್ತು.

“ಅತ್ತಿ, ಮ್ಯಾಲೆ ಬಂದು ಕುಂತು ಇಟ್ರ ಹತ್ತತೈತೇನೋ,” ಎಂದಳು ಸೊಸೆ.

“ಅಲ್ಲಿಂದ್ಲೇ ಹತ್ತತೈತಿ. ಇನ್ನೊಮ್ಮೆ ನೋಡು,” ಎಂದರು ಅಕ್ಕ.

“ಇರ್ಲಿ ಬಿಡ್ರಮ್ಮಾ, ಸಂಜಿಕಿ ಬರ್ತೀನಿ,” ಎಂದ ಅವನು. ದನಿಯಲ್ಲಿ ಸಿಟ್ಟು ಇರಲಿಲ್ಲ. ನನ್ನನ್ನು ನೋಡಿ, “ಆರಾಮ ಅದೀರಾ ಸಾರ?” ಎಂದು ಕೇಳಿದ. ಎತ್ತಿದ ಕೈ ಇನ್ನೂ ಕಟ್ಟೆಯ ಅಂಚಿನ ಮೇಲೇ ಇತ್ತು.

ಆ ಕೈಗೆ ನನ್ನ ಬೆನ್ನು ತೋರಿಸಲು ಆಗಲಿಲ್ಲ. ತಟ್ಟೆ ಬದಿಗಿಟ್ಟೆ.

“ಅಕ್ಕಾ, ಅವನದೇನೂ ತಪ್ಪಿಲ್ಲ. ಅವತ್ತು ತೆನಿ ಬಿಚ್ಚಿದಾಂವ ನಾನು.”

ಅಕ್ಕ ನನ್ನ ಕಡೆ ತಿರುಗಿದರು. ಎಲ್ಲವನ್ನೂ ಹೇಳಿದೆ. ಕಿಟಕಿ ಹತ್ತಿದ್ದು, ಊಟದ ಚೀಲ, ಟೇಪು, ಕಸ ಗುಡಿಸಿದವರು. ಅವರು ಬಂದು ನಿಂತಾಗ ತೆನೆ ನನ್ನ ತಲೆಯ ಮೇಲೇ ಇತ್ತು ಎಂದೂ ಹೇಳಿದೆ. ಭಾನುವಾರವನ್ನು ಆರಿಸಿದವನೂ ನಾನೇ ಎಂದೆ.

ಸೊಸೆ ಮಷಿನ್ನು ಹಿಡಿದು ಹಾಗೇ ನಿಂತಿದ್ದಳು.

“ಭಾನುವಾರದ್ದು ಗೊತ್ತಿತ್ತು,” ಎಂದರು ಅಕ್ಕ. “ಮಗ ಮದುವಿಗೆ ಹೋಗೋ ಮೊದಲ ಹೇಳಿದ್ದ. ಖಾಲಿ ಮಾಡೋದು ಕಣ್ಣಿಂದ ನೋಡೋದು ಬ್ಯಾಡ ಅಂತ ನಾನೂ ಎರಡು ದಿನ ಹೆಚ್ಚಿಗಿ ಕುರುಗೋಡಾಗ ನಿಂತೆ. ಅದು ಇರ್ಲಿ. ಅವತ್ತು ಹೊರಗ ಬಂದಾಂವ ಬಾಗಲಾ ಹಾಕಿದಿಯಲ್ಲ. ಒಳಗಿನ ತಣ್ಣನ ಗಾಳಿ ಹೋಗ್ತೈತಿ ಅಂತ ಹಾಕ್ದಿ ಅನ್ಕೊಂಡಿದ್ದೆ.”



ಅವರು ಕೆಳಗೆ ನೋಡಿ, “ನೀನ್ಯಾಕ ಒಂದಿನಾನೂ ಬಾಯಿ ಬಿಡಲಿಲ್ಲಲೇ? ನಾನಲ್ಲ ಅನ್ನಾಕ ಏನಾಗಿತ್ತು?” ಎಂದು ಹಮಾಲನನ್ನು ಕೇಳಿದರು.

“ನಾನ ಇರಬೇಕು ಅನ್ಕೊಂಡಿದ್ದೆರಮ್ಮಾ,” ಎಂದ ಅವನು. “ಬೀರು ಹೊತ್ತಾಗ ಮ್ಯಾಲೆ ಏನೈತಿ ಕಾಣಂಗಿಲ್ಲ. ಸಾರ ಓದಿದೋರು, ಹೇಳ್ಯಾರ ಅಂದ್ರ ಹಗ್ಗಕ್ಕ ಸಿಕ್ಕಿರಬೇಕು ಅಂತ ಸುಮ್ಕಾದೆ.”

ಅವನು ನನ್ನ ಸುಳ್ಳನ್ನು ಇಷ್ಟು ವರ್ಷ ತನ್ನ ತಪ್ಪು ಎಂದು ನಂಬಿಕೊಂಡು ಬೇವಿನ ಗಿಡದ ಕೆಳಗೆ ಕುಳಿತಿದ್ದ. ಅವನ ಸಿಟ್ಟನ್ನಾದರೂ ಎದುರಿಸಬಹುದೆಂದು ತಯಾರಾಗಿದ್ದೆ. ಅದೂ ಸಿಗಲಿಲ್ಲ.

“ಲೇ, ಮ್ಯಾಲೆ ಬಾ,” ಎಂದರು ಅಕ್ಕ ಅವನಿಗೆ. ಆಮೇಲೆ ನನ್ನ ಕಡೆ, “ನೀನು ಕೆಳಗಿಳಿ.”

ಇಳಿದೆ. ಅವನು ನಿಂತಿದ್ದ ಜಾಗದಲ್ಲೇ ನಿಂತೆ. ಬಿಸಿಲು ನೆತ್ತಿಗೆ ನೇರ ಬಡಿಯುತ್ತಿತ್ತು. ಅವನು ಮೊಣಕಾಲು ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ, ತನ್ನ ಹಳೆಯ ಮೂಲೆಯನ್ನೇ ಹುಡುಕಿ ಕುಳಿತ. ಸೊಸೆ ಒಳಗಿನಿಂದ ಮಜ್ಜಿಗೆಯ ದೊಡ್ಡ ಲೋಟ ತಂದಳು, ಫ್ರಿಜ್ಜಿನದು, ಹೊರಗೆಲ್ಲ ಬೆವರಿತ್ತು. ಅವನು ಎರಡು ಕೈಯಲ್ಲಿ ಹಿಡಿದು ನಿಧಾನವಾಗಿ ಕುಡಿದ.

“ಎಷ್ಟು ವರ್ಷದ ಬಾಕಿ ಐತಿ ಇದು,” ಎಂದ. “ಒಂದ ದಿನ ಎಲ್ಲಾ ಕುಡಿಯಾಕ ಆಗಂಗಿಲ್ಲರಮ್ಮಾ. ಕಂತು ಮಾಡ್ರಿ.”

“ಬ್ಯಾಂಕಿನ ಕಟ್ಟಿ ಮ್ಯಾಲೆ ಮಲಗಿ ಮಲಗಿ ಅದನ್ನೊಂದು ಕಲತೀಯ ನೋಡು,” ಎಂದರು ಅಕ್ಕ. ಸೊಸೆ ನಕ್ಕಳು. ಲೋ‍ಟ ಹಿಡಿದು ಒದ್ದೆಯಾದ ಅವನ ಬೆರಳನ್ನು ಸುಮ್ಮನೆ ನೋಡೋಣ ಎಂದು ಮಷಿನ್ನಿಗೆ ಒತ್ತಿಸಿದಳು. ಹಸಿರು ದೀಪ ಹತ್ತಿತು.

ನನಗೂ ಒಂದು ಲೋಟ ಮಜ್ಜಿಗೆ ಬಂತು, ಅವನ ಎರಡನೆಯ ಲೋಟ ಮುಗಿದ ಮೇಲೆ. ಬೀದಿಯಲ್ಲಿ ನಿಂತೇ ಕುಡಿದೆ. ದಾರಿಯಲ್ಲಿ ಹೋಗುವವರು ನೋಡುತ್ತಿದ್ದರು. ನಾಚಿಕೆಯಾಯಿತು, ಆದರೆ ಹಗುರವಾಗಿಯೂ ಇತ್ತು. ಅಕ್ಕನ ಮನೆಯಲ್ಲಿ ಇನ್ನು ನನಗೆ ಜಾಗವಿಲ್ಲ ಎಂದು ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಂಡು, ಅಕ್ಕಿಯ ಮಾತು ಎತ್ತದೆ ಬಸ್‌ಸ್ಟ್ಯಾಂಡಿಗೆ ಹೋಗೋಣ ಎಂದು ಚಪ್ಪಲಿ ನೋಡಿದೆ.

“ಎಲ್ಲಿಗೆ ಹೊಂಟಿ?” ಎಂದರು ಅಕ್ಕ. “ರಾರಾವಿಯಿಂದ ಹೊಸಾ ತೆನಿ ಬಂದೈತಿ. ಇವತ್ತ ಕಟ್ಟಬೇಕು. ಎತ್ತರದಾಂವ ಇವ ಕಟ್ತಾನ. ನೀನು ಸ್ಟೂಲು ಹಿಡಿ.”

ಸೊಸೆ ಒಳಗಿನಿಂದ ಸ್ಟೂಲು ತಂದು ತಲೆಬಾಗಿಲಿನ ಕೆಳಗೆ ಇಟ್ಟಳು. ನಾನು ಮತ್ತೆ ಕಟ್ಟೆ ಹತ್ತಿದೆ. ಹಮಾಲ ನನ್ನ ಹೆಗಲ ಮೇಲೆ ಕೈಯೂರಿ ಹತ್ತಿದ. ಮೊದಲು ಹೊಸ ತೆನೆ ಕಟ್ಟಿ ಬಿಗಿದು, ಆಮೇಲೆ ಹಳೆಯದನ್ನು ಬಿಚ್ಚಿ ನನಗೆ ಕೊಟ್ಟ. ಕಾಳು ಒಂದೂ ಇರಲಿಲ್ಲ, ಗುಬ್ಬಿ ತಿಂದು ಬಿಟ್ಟ ಬರಿ ಹುಲ್ಲು. ಸ್ಟೂಲಿನ ಒಂದು ಕಾಲು ಅಲ್ಲಾಡುತ್ತಿತ್ತು. ಬಗ್ಗಿ ಎರಡು ಕೈಯಿಂದ ಹಿಡಿದುಕೊಂಡೆ. ಕಬ್ಬಿಣದ ಮೇಲೆ ಹಳೆಯ ಬಿಳಿ ಬಣ್ಣದಲ್ಲಿ ನಮ್ಮ ಸಣ್ಣ ಬ್ಯಾಂಕಿನ ಹೆಸರಿನ ಮೊದಲ ಅಕ್ಷರ ಇನ್ನೂ ಕಾಣುತ್ತಿತ್ತು.

ನಾನು ಅದನ್ನು ನೋಡುತ್ತಿರುವುದನ್ನು ಅಕ್ಕ ನೋಡಿದರು.

“ಗಟ್ಟಿ ಹಿಡಿ,” ಎಂದರು. “ಅದು ನಿಮ್ಮದ. ಮದುವಿಗೆ ಹೋಗೋ ಮುಂದ ನಾನ ಒಳಗ ಎತ್ತಿಟ್ಟಿದ್ದೆ.”